ಕಂಬಕ್ಕೆ ಏರಿದ ಗೆರಸಿ

ನನ್ನ ಎಡ ಸೊಂಟ ಬಲಕ್ಕಿಂತ ಸ್ವಲ್ಪ ಮೇಲಿದೆ. ಹೊನ್ನಾವರದ ಡಾಕ್ಟರು ಎಕ್ಸರೆ ತೆಗೆಸಿ ನೋಡಿ, ಚಿಕ್ಕವರಿದ್ದಾಗ ಎಲ್ಲಾದರೂ ಬಿದ್ದಿದ್ದಿರಾ ಎಂದು ಕೇಳಿದರು. ಬಿದ್ದಿಲ್ಲ, ತಂಗಿಯನ್ನು ಹೊತ್ತಿದ್ದೆ ಎಂದೆ. ಅವರು ನಕ್ಕರು. ನಾನು ನಗಿಸಲಿಕ್ಕೆ ಹೇಳಿದ್ದಲ್ಲ. ತಂಗಿ ನಾಗು ಕುತ್ತಿಗೆ ನಿಲ್ಲಿಸಲು ಕಲಿತ ದಿನದಿಂದ ನನ್ನ ಎಡ ಸೊಂಟದ ಮೇಲೆಯೇ ಬೆಳೆದವಳು. ಬಲಗೈ ಕೆಲಸಕ್ಕೆ ಬೇಕು, ಆದ್ದರಿಂದ ಎಡ. ಅವಳನ್ನು ಹೊತ್ತುಕೊಂಡೇ ಒಲೆ ಊದಿದ್ದೇನೆ, ಬಾವಿಯಿಂದ ನೀರು ಸೇದಿದ್ದೇನೆ, ಓರಗೆಯ ಹುಡುಗಿಯರ ಜೊತೆ ಜುಟ್ಟು ಹಿಡಿದು ಜಗಳ ಆಡಿದ್ದೇನೆ. ಜಗಳದಲ್ಲಿ ಅವಳೂ ಒಂದೆರಡು ಕೂದಲು ಕಿತ್ತದ್ದುಂಟು.

ನಮ್ಮ ಮನೆ ಮಾವಿನಕುರ್ವೆಯಲ್ಲಿ. ಶರಾವತಿ ಸಮುದ್ರ ಸೇರುವ ಜಾಗದಲ್ಲಿ ಹೊಳೆಯ ನಡುವೆ ಇರುವ ಕುರ್ವೆ, ಅಂದರೆ ನಡುಗಡ್ಡೆ ಅದು. ಆಗ ಹೊನ್ನಾವರಕ್ಕೆ ಹೋಗಬೇಕಾದರೆ ತಾರಿ ದೋಣಿಯೇ ಗತಿ. ಮನೆ ಎಂದರೆ ಮುಂದೆ ಒಂದು ಜಗಲಿ, ಒಳಗೆ ಒಂದು ಕೋಣೆ, ಹಿಂದೆ ಅಡುಗೆಗೆ ಒಂದು ಮಾಡು. ಮೇಲೆ ಹೆಣೆದ ತೆಂಗಿನ ಗರಿ. ಕೋಣೆಯ ನಡುವೆ ಒಂದು ಕಂಬ. ಆ ಕಂಬದ ಬುಡದಲ್ಲಿ ಸುತ್ತಲೂ ಒಂದು ಗೀರು ಇತ್ತು, ಹಗ್ಗ ತಿಂದು ತಿಂದು ಆದದ್ದು. ಅಪ್ಪ ಕೂಸಾಗಿದ್ದಾಗ ಅಜ್ಜಿ ಅವನ ಕಾಲಿಗೆ ಹಗ್ಗ ಹಾಕಿ ಅಲ್ಲಿ ಕಟ್ಟಿ ಹೊಳೆಗೆ ಹೋಗುತ್ತಿದ್ದಳಂತೆ. ನನ್ನನ್ನೂ ಅಬ್ಬೆ ಅಲ್ಲೇ ಕಟ್ಟಿದ್ದಳು. ಕುರ್ವೆಯ ಹೆಚ್ಚಿನ ಮನೆಗಳಲ್ಲಿ ಅಂಥ ಕಂಬ ಇತ್ತು. ಕಟ್ಟದಿದ್ದರೆ ಕೂಸು ಹರಿದುಕೊಂಡು ಹೋಗಿ ನೀರಿಗೆ ಬೀಳುತ್ತದೆ, ಬಿದ್ದದ್ದೂ ಉಂಟು. ಕಟ್ಟಿದವರು ಕ್ರೂರಿಗಳಲ್ಲ. ನಾಗು ಹುಟ್ಟುವಾಗ ನನಗೆ ಹೊರುವಷ್ಟು ಬಲ ಬಂದಿತ್ತು, ಹಾಗಾಗಿ ಅವಳಿಗೆ ಹಗ್ಗ ಬೇಕಾಗಲಿಲ್ಲ. ನಾನೇ ಅವಳ ಕಂಬ.

ಅಪ್ಪ ದಡಕ್ಕೆ ಎಳೆಯುವ ರಂಪಣಿ ಬಲೆಯವರ ಜೊತೆ ಹೋಗುತ್ತಿದ್ದ. ಮೀನು ಬಿದ್ದ ದಿನ ಅನ್ನ, ಬೀಳದ ದಿನ ಗಂಜಿ. ಆ ಗಂಜಿಯೂ ಬರುತ್ತಿದ್ದದ್ದು ಅಬ್ಬೆಯ ಬಳಚಿನಿಂದ. ಬಳಚು ಎಂದರೆ ಹೊಳೆಯ ಮರಳಿನಲ್ಲಿ ಹುಗಿದುಕೊಂಡಿರುವ ಚಿಪ್ಪಿನ ಜೀವಿ. ನೀರು ಇಳಿದಾಗ ಹೆಂಗಸರು ಮರಳ ದಿಬ್ಬಕ್ಕೆ ಹೋಗಿ ಕಾಲಿನಿಂದ ತಡಕಿ ಕೈಯಿಂದ ತೆಗೆಯುತ್ತಾರೆ. ಮಾಂಸ ಹೊನ್ನಾವರದ ಪೇಟೆಗೆ, ಚಿಪ್ಪು ಸುಣ್ಣದ ಭಟ್ಟಿಗೆ, ಅಡಿಯಲ್ಲಿ ಉಳಿದ ಸಣ್ಣದು ನಮ್ಮ ಸಾರಿಗೆ. ಇಳಿತ ದಿನಾ ಒಂದೇ ಹೊತ್ತಿಗೆ ಬರುವುದಿಲ್ಲ. ಅಮಾಸೆ ಹುಣ್ಣಿಮೆಯ ಹತ್ತಿರ ಬೆಳಗಿನ ಜಾವಕ್ಕೆ ಮತ್ತು ಸಂಜೆಗೆ. ಅಷ್ಟಮಿಯ ಹತ್ತಿರ ನಡು ಹಗಲಿಗೆ. ದಿನಾ ಸ್ವಲ್ಪ ಸ್ವಲ್ಪ ಸರಿಯುತ್ತದೆ. ನಮ್ಮ ಮನೆಯಲ್ಲಿ ಉಣ್ಣುವುದು, ಮಲಗುವುದು, ಬೈದಾಡುವುದು ಎಲ್ಲವೂ ಅದರ ಹಿಂದೆಯೇ ಸರಿಯುತ್ತಿತ್ತು. ಶಾಲೆ ಮಾತ್ರ ಸರಿಯುತ್ತಿರಲಿಲ್ಲ. ಅದು ಕುರ್ವೆಯ ಇನ್ನೊಂದು ತುದಿಯಲ್ಲಿತ್ತು. ನಾನು ನಾಗುವನ್ನು ಹೊತ್ತುಕೊಂಡು ಅದರ ಕಿಟಕಿಯ ಹೊರಗೆ ನಿಂತಿದ್ದೇನೆ. ಕೂಸು ಅತ್ತರೆ ಮಾಸ್ತರರು ಕೋಲು ತೋರಿಸಿ ಓಡಿಸುತ್ತಿದ್ದರು.

ಸಿಸ್ಟರ್‌ಗಳು ಬಂದದ್ದು ಆ ಕಾಲದಲ್ಲಿ. ಇಬ್ಬರು, ಬಿಳಿ ಬಟ್ಟೆ, ಒಂದು ಟ್ರಂಕು. ತಾರಿ ಇಳಿಯುವಾಗ ಚಿಕ್ಕವರು ಕೆಸರಿನಲ್ಲಿ ಮೊಣಕಾಲಿನವರೆಗೆ ಹುಗಿದು ಹೋದರು. ಅವರೇ ಸಿಸ್ಟರ್ ಲೂಸಿ, ಮಂಗಳೂರು ಕಡೆಯವರು. ಮೊದಲೂ ಕೆಲವರು ಬಂದಿದ್ದರು, ನಿಮಗೆ ಎಂತ ಬೇಕು ಎಂದು ಕೇಳಿ ಹೋಗಿದ್ದರು. ಹೆಂಗಸರು ಅಕ್ಕಿ ಅಂದಿದ್ದರು, ಕಂಬಳಿ ಅಂದಿದ್ದರು, ಒಬ್ಬಳು ಮೂಗುತಿ ಅಂದಿದ್ದಳು. ಯಾವುದೂ ಬರಲಿಲ್ಲ. ಸಿಸ್ಟರ್ ಲೂಸಿ ಬೇರೆಯದನ್ನು ಕೇಳಿದರು.

“ನೀವು ಹೊಳೆಗೆ ಇಳಿದಾಗ ಮಕ್ಕಳು ಎಲ್ಲಿರ್ತವೆ?”

ಉತ್ತರ ಕೊಟ್ಟವಳು ನಮ್ಮ ನೆರೆಮನೆಯ ದೇವಿ.

“ಕಂಬಕ್ಕೆ ಕಟ್ಟೂದು. ಮತ್ತೆಂತ ಮಾಡೂದು? ಬೆನ್ನಿಗೆ ಕಟ್ಕಂಡು ಮುಳುಗೂದಾ?”

ಸಿಸ್ಟರ್‌ಗಳು ಬಲೆ ಇಡುವ ಹಳೆಯ ಮಾಡೊಂದನ್ನು ಕೇಳಿ ಪಡೆದು, ಸೆಗಣಿ ಸಾರಿಸಿ, ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತೇವೆ ಎಂದರು. ಬೆಳಿಗ್ಗೆ ಗಂಟೆ ಬಾರಿಸಿ ತೆಗೆದರು. ಆಗ ಇಳಿತ ಬೆಳಗಿನ ಜಾವಕ್ಕೇ ಮುಗಿದಿತ್ತು, ಹೆಂಗಸರು ಮನೆಯಲ್ಲಿ ಕೂತು ಹಾಲು ಕೊಡುತ್ತಿದ್ದರು. ಸಿಸ್ಟರ್‌ಗಳು ಹೆಸರುಕಾಳಿನ ಗಂಜಿಯ ಪಾತ್ರೆ ಇಟ್ಟುಕೊಂಡು ಖಾಲಿ ಮಾಡಿನಲ್ಲಿ ಕೂತರು. ಮರುದಿನವೂ ಹಾಗೆಯೇ. ಸಂಜೆ ಅವರು ಬಾಗಿಲು ಹಾಕಿ ಪ್ರಾರ್ಥನೆಗೆ ಕೂತಾಗ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದು ನಿಂತರು.

“ಈಗ ಪ್ರಾರ್ಥನೆ ಹೊತ್ತು,” ಎಂದರು ಸಿಸ್ಟರ್ ಲೂಸಿ.

“ಈಗ ಇಳಿತದ ಹೊತ್ತು,” ಎಂದಳು ಅಬ್ಬೆ. “ಹೊಳೆ ನಿಮ್ಮ ಗಂಟೆ ಕೇಳೂದಿಲ್ಲ ಬಾಯಿ.” ಸಿಸ್ಟರ್‌ಗಳನ್ನು ಕುರ್ವೆಯವರು ಬಾಯಿ ಎಂದೇ ಕರೆಯುತ್ತಿದ್ದರು.

ಅಲ್ಲಿಂದ ಮಾಡು ಇಳಿತಕ್ಕೆ ತೆರೆಯಿತು, ಭರತಕ್ಕೆ ಮುಚ್ಚಿತು. ಸಿಸ್ಟರ್‌ಗಳು ಪಕ್ಕದಲ್ಲೇ ಒಂದು ಕೋಣೆ ಹಿಡಿದು ಉಳಿದರು. ಒಬ್ಬರು ಪ್ರಾರ್ಥನೆ ಮಾಡುವಾಗ ಇನ್ನೊಬ್ಬರು ಮೂಗು ಒರೆಸುತ್ತಿದ್ದರು. ಬೇರೆಯವರಿಗೆ ಉಪಕಾರ ಮಾಡಲು ಬಂದವರು ತಮ್ಮ ದೇವರ ಹೊತ್ತನ್ನು ಸರಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೂ ಹೆಚ್ಚು ನೋಡಿಲ್ಲ.

ಹಾಲು ಕುಡಿಯುವ ಕೂಸು ಹಟ ಹಿಡಿದು ಅತ್ತರೆ ಮರಳ ದಿಬ್ಬದ ಮೇಲಿರುವ ತಾಯಿಗೆ ಹೇಗೆ ತಿಳಿಸುವುದು? ಕೂಗಿದರೆ ಗಾಳಿಗೆ ಕೇಳುವುದಿಲ್ಲ. ಮಾಡಿನ ಮುಂದೆ ಉದ್ದದ ಬಿದಿರು ನೆಟ್ಟರು. ಒಬ್ಬೊಬ್ಬರು ನಿಮ್ಮ ಸೀರೆಯ ತುಂಡು ಕೊಡಿ, ಯಾರ ಕೂಸು ಅತ್ತರೆ ಅವರ ತುಂಡು ಏರಿಸುತ್ತೇವೆ ಎಂದರು. ಎಲ್ಲರೂ ಕೊಟ್ಟರು. ಮೊದಲ ದಿನ ಒಂದು ತುಂಡು ಏರಿತು. ದಿಬ್ಬದ ಮೇಲಿದ್ದ ಅಷ್ಟೂ ಹೆಂಗಸರು ಬುಟ್ಟಿ ಬಿಟ್ಟು ಎದೆಮಟ್ಟದ ನೀರಿನಲ್ಲಿ ಬಿದ್ದೆದ್ದು ಬಂದರು. ಕುರ್ವೆಯ ಹೆಂಗಸರೆಲ್ಲ ಉಡುತ್ತಿದ್ದದ್ದು ಒಬ್ಬನೇ ವ್ಯಾಪಾರಿಯ ಒಂದೇ ಕೆಂಪು ಚೌಕಳಿ ಸೀರೆ. ಇದು ಕೊಟ್ಟವರಿಗೂ ಹೊಳೆದಿರಲಿಲ್ಲ, ತೆಗೆದುಕೊಂಡವರಿಗೂ ಹೊಳೆದಿರಲಿಲ್ಲ. ಮತ್ತೆ ಮನೆಯಿಂದ ಒಂದೊಂದು ಬೇರೆ ವಸ್ತು ತರಲು ಹೇಳಿದರು. ದೇವಿಯದು ತಳ ಹೋದ ಬುಟ್ಟಿ. ಇನ್ನೊಬ್ಬಳದು ಅಡಿಕೆ ಹಾಳೆಯ ಟೊಪ್ಪಿ. ನಮ್ಮದು ಅಂಚು ಮುರಿದ ಗೆರಸಿ, ಅಕ್ಕಿ ಕೇರುವುದು.

ಗೆರಸಿ ಅಜ್ಜಿಯದು. ಅಲ್ಲಿ ಶುರುವಾಯಿತು ಮನೆಯಲ್ಲಿ ಜಗಳ. ಅಜ್ಜಿ ಎಂದರೆ ಅಪ್ಪನ ತಾಯಿ, ಗಟ್ಟಿ ಗಂಟಲಿನವಳು, ಊರ ಮದುವೆಗಳಲ್ಲಿ ಹಾಡು ಎತ್ತುತ್ತಿದ್ದದ್ದು ಅವಳೇ. ಬೈಯುವಾಗಲೂ ಅದೇ ಗಂಟಲು.

“ಮನೆ ಗೆರಸಿ ಇಗರ್ಜಿಯವರ ಕಂಬಕ್ಕೆ ಏರ್ಸ್ತೀಯೇನೆ ಗಣಪಿ? ನಾಳೆ ಕೂಸಿನ ಕೊರಳಿಗೆ ಶಿಲುಬೆ ಬತ್ತದೆ, ಕಾಣು.”

“ಹಂಗಾರೆ ನೀವೇ ಹೊತ್ಕಳಿ ಅತ್ತೆ,” ಎಂದಳು ಅಬ್ಬೆ. “ಇಳಿತ ಮುಗಿಯೂತನಕ.”

“ನನ್ನ ಬೆನ್ನು ನೆಟ್ಟಗಿದ್ದಿದ್ರೆ ನಿನ್ನ ಕೂಡೆ ಎಂತ ಮಾತು?”

ಕೊನೆಗೆ ಅಜ್ಜಿ ಒಂದು ಕರಾರು ಹಾಕಿದಳು. ಕೂಸು ಅವರ ಗಂಜಿ ತಿನ್ನಲಿ, ಉಪ್ಪು ಮಾತ್ರ ನಮ್ಮದು. ಅವರ ಉಪ್ಪು ತಿಂದರೆ ಋಣ ಬೀಳುತ್ತದೆ, ಋಣ ಬಿದ್ದರೆ ಅವರು ಕರೆದಲ್ಲಿಗೆ ಹೋಗಬೇಕಾಗುತ್ತದೆ. ದಿನಾ ಒಂದು ಚಿಟಿಕೆ ಉಪ್ಪನ್ನು ಎಲೆಯಲ್ಲಿ ಕಟ್ಟಿ ನಾನು ಒಯ್ದು ಕೊಡಬೇಕು. ಮೊದಲ ದಿನ ಕೊಡುವಾಗ ನನಗೆ ನಾಚಿಕೆಯಾಯಿತು. ಸಿಸ್ಟರ್ ಲೂಸಿ ನಗಲಿಲ್ಲ. ನಾಗುವಿನ ಬಟ್ಟಲಿಗೆ ಗಂಜಿಯನ್ನು ಸಪ್ಪೆಯಾಗಿ ಬಡಿಸಿ, ನನ್ನ ಎದುರೇ ನಮ್ಮ ಉಪ್ಪು ಹಾಕಿ ಕಲಸಿದರು. ಮನೆಗೆ ಬಂದರೆ ಅಜ್ಜಿ ಜಗಲಿಯಲ್ಲಿ ತಡೆದು ಕೂಸಿನ ತಲೆಗೆ ಅರಿಸಿನದ ನೀರು ಚಿಮುಕಿಸಿ ಒಳಗೆ ಬಿಡುತ್ತಿದ್ದಳು. “ಹಾಕಿದ್ರಾ?” ಎಂದು ಕೇಳುತ್ತಿದ್ದಳು. “ನಮ್ಮದೇ,” ಎನ್ನುತ್ತಿದ್ದೆ.

ಸಿಸ್ಟರ್‌ಗಳದ್ದೂ ಒಂದು ಕರಾರಿತ್ತು. ಕೂಸು ಮಾಡಿನಲ್ಲಿ ಇರಬೇಕಾದರೆ ಅದನ್ನು ಹೊರುತ್ತಿದ್ದ ಅಕ್ಕ ಶಾಲೆಯಲ್ಲಿ ಇರಬೇಕು. ಅಬ್ಬೆ ಆತು ಎಂದಳು. ನಾನು ಶಾಲೆಗೆ ಹೋದೆ. ಶಾಲೆ ಚೆಂದ ಇತ್ತು ಎಂದು ಹೇಳುವುದಿಲ್ಲ. ಸೋರುತ್ತಿತ್ತು, ಮಾಸ್ತರರು ಹೊಡೆಯುತ್ತಿದ್ದರು, ನನಗಿಂತ ಚಿಕ್ಕವರ ಸಾಲಿನಲ್ಲಿ ಕೂರಬೇಕಿತ್ತು. ಆದರೆ ಸೊಂಟದ ಮೇಲೆ ಯಾರೂ ಇರಲಿಲ್ಲ. ಎರಡೂ ಕೈ ನನ್ನವೇ. ಅದು ಹೇಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಅಷ್ಟಮಿ ಹತ್ತಿರ ಬಂತು, ಇಳಿತ ನಡು ಹಗಲಿಗೆ ಸರಿಯಿತು. ನಾನು ಬರೆಯುವ ಪಾಟಿ ಎತ್ತಿಕೊಂಡು ಶಾಲೆಗೆ ಹೊರಟಾಗ ಅಬ್ಬೆ ಬಾಗಿಲಲ್ಲಿ ನಿಂತಿದ್ದಳು. ಅದನ್ನು ನನ್ನ ಕೈಯಿಂದ ತೆಗೆದು ಮನೆಯ ಗರಿಯ ಸಂದಿಗೆ ಸಿಕ್ಕಿಸಿದಳು.

“ಸೊಂಟ ಖಾಲಿ ಅದೆ ಅಲ್ದಾ ಮಾದಿ? ಬುಟ್ಟಿ ತಕಾ.”

ಕೂಸು ಇಳಿದ ಜಾಗದಲ್ಲಿ ಬುಟ್ಟಿ ಏರಿತು. ಅವಳದು ಅನ್ಯಾಯ ಎಂದು ಆಗ ಅಳುತ್ತ ಹೋದೆ. ಈಗ ಹಾಗೆ ಅನ್ನಲಾರೆ. ಇಬ್ಬರು ತೆಗೆದರೆ ಸಾರಿನಲ್ಲಿ ಬಳಚು ಕಾಣುತ್ತಿತ್ತು, ಒಬ್ಬಳೇ ತೆಗೆದರೆ ಬರಿ ನೀರು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಪಾತ್ರೆ ಕೆರೆದು ಉಣ್ಣುತ್ತಿದ್ದವಳು ಅವಳು. ನನಗೆ ಶಾಲೆ ಬೇಕಿತ್ತು, ಅವಳಿಗೆ ಇನ್ನೆರಡು ಕೈ ಬೇಕಿತ್ತು, ಎರಡೂ ಒಂದೇ ಹೊತ್ತಿಗೆ ಬೇಕಿತ್ತು.

ದಿಬ್ಬದ ಮೇಲೆ ಬಗ್ಗಿದವಳು ತಲೆ ಎತ್ತಿ ನೋಡಿದರೆ ಬಿದಿರಿನ ತುದಿಯಲ್ಲಿ ನಮ್ಮ ಗೆರಸಿ. ಅಬ್ಬೆ ನೀರು ದಾಟಿ ಓಡಿದಳು, ಹಿಂದೆ ನಾನು. ಮಾಡಿನಲ್ಲಿ ನಾಗು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

“ಕೂಸು ಮಲಗದೆ. ಎಂತಕ್ಕೆ ಏರ್ಸಿದ್ರಿ?”

“ನಿಮ್ಮ ಒಂದು ಕೂಸು ಇಲ್ಲಿ ಮಲಗಿದೆ ಗಣಪಕ್ಕ. ಇನ್ನೊಂದು ನೀರಲ್ಲಿದೆ. ಅದಕ್ಕೆ ಏರಿಸಿದೆ,” ಎಂದರು ಸಿಸ್ಟರ್ ಲೂಸಿ.

ಅಬ್ಬೆಯ ಸೀರೆಯಿಂದ ನೀರು ಸುರಿದು ಸಾರಿಸಿದ ನೆಲದ ಮೇಲೆ ಹರಿಯಿತು. ಅವಳು ತಿರುಗಿ ನಡೆದಳು. ನಾವು ದಿಬ್ಬ ಮುಟ್ಟುವಾಗ ಭರತ ಏರತೊಡಗಿತ್ತು. ಬುಟ್ಟಿಯ ತಳ ಮುಚ್ಚುವಷ್ಟೂ ಆಗಲಿಲ್ಲ. ಮರುದಿನ ಮತ್ತೆ ಗೆರಸಿ ಏರಿತು, ಮತ್ತೆ ಹೋದೆವು, ಮತ್ತೆ ಅದೇ ಮಾತು. ಹೆಂಗಸರಿಗೆ ನಗೆ. ದೇವಿ ಹೇಳಿದಳು, “ಗಣಪಿ, ನಿನ್ನ ಗೆರಸಿಗೆ ಗಾಳಿ ಬೇಕಾತದೆ ಕಾಣ್ತು.”

ಆಮೇಲಿನ ದಿನ ಗೆರಸಿ ಏರಿದಾಗ ಅಬ್ಬೆ ಬಗ್ಗಿದವಳು ಏಳಲಿಲ್ಲ.

“ಅಬ್ಬೆ, ಗೆರಸಿ,” ಎಂದೆ.

“ಇರ್ಲಿ. ಒಣಗ್ಲಿ.”

ನಾನು ಮತ್ತೆ ಮತ್ತೆ ತಲೆ ಎತ್ತಿ ನೋಡಿದೆ. ಗೆರಸಿ ಇಳಿದು ಮತ್ತೆ ಏರಿತು, ಅಲ್ಲಾಡಿತು. ಆಮೇಲೆ ಅದರ ಕೆಳಗೆ ದೇವಿಯ ಬುಟ್ಟಿ ಏರಿತು. ಅದರ ಕೆಳಗೆ ಹಾಳೆಯ ಟೊಪ್ಪಿ. ಸೀಳಿದ ಸೌಟು, ಹರಿದ ಬಲೆ, ಚಿಪ್ಪಿನ ಸರ, ಕುರ್ವೆಯ ಅಷ್ಟೂ ಮನೆಗಳ ಹರಕು ಮುರುಕು ಬಿದಿರಿನ ಮೇಲಿನಿಂದ ಕೆಳಗಿನವರೆಗೆ ತೂಗಾಡಿತು. ದಿಬ್ಬದ ಮೇಲೆ ಒಬ್ಬಳು ಕಿರುಚಿದಳು. ಎಲ್ಲರೂ ಓಡಿದರು, ಅಬ್ಬೆ ಎಲ್ಲರಿಗಿಂತ ಮುಂದೆ. ಈ ಸಲ ಗೆರಸಿ ಸುಮ್ಮನೆ ಏರಿದ್ದಲ್ಲ ಎಂದು ಅವಳಿಗೆ ತಿಳಿದಿತ್ತು.

ಮಾಡಿನಲ್ಲಿ ಉಳಿದ ಮಕ್ಕಳು ಚೆನ್ನಾಗಿಯೇ ಆಡುತ್ತಿದ್ದವು. ಸಿಸ್ಟರ್ ಲೂಸಿ ತಾರಿಯ ಕಟ್ಟೆಯಲ್ಲಿ ದೋಣಿ ಹಿಡಿಸಿಕೊಂಡು ನಿಂತಿದ್ದರು. ತೋಳಿನಲ್ಲಿ ನಾಗು, ಮೈ ಕೆಂಡ, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಎಳೆಯುತ್ತಿತ್ತು.

“ಹತ್ತಿ ಗಣಪಕ್ಕ,” ಎಂದರು. ಅಬ್ಬೆ ಹತ್ತಿದಳು. ದೋಣಿ ಹೊನ್ನಾವರದ ಕಡೆ ಹೋಯಿತು.

ಬಳಚು ಕಳೆದುಕೊಂಡ ಹೆಂಗಸರ ನಡುವೆ ನಾನೊಬ್ಬಳೇ ಉಳಿದೆ. ಬುಟ್ಟಿಗಳನ್ನು ಭರತ ಒಯ್ದಿತ್ತು. ಯಾರೂ ಬೈಯಲಿಲ್ಲ. ದೇವಿ ನನ್ನನ್ನು ಮನೆಗೆ ಬಿಟ್ಟಳು. ಅಜ್ಜಿ ವಿಷಯ ಕೇಳಿ ಜಗಲಿಯಲ್ಲಿ ಕೂತವಳು, “ಒಯ್ದ್ರು. ಕೂಸನ್ನ ಒಯ್ದ್ರು,” ಎಂದು ಒಂದೇ ಮಾತು ಹೇಳುತ್ತಿದ್ದಳು. ಆಮೇಲೆ ಎದ್ದು ಹೋಗಿ ಒಂದು ಹಿಡಿ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಅಪ್ಪನ ಕೈಗೆ ಕೊಟ್ಟಳು. “ಆಸ್ಪತ್ರೆಲಿ ಗಂಜಿ ಕೊಡ್ತ್ರು. ಒಯ್ದು ಕೊಡು.” ಅಪ್ಪ ಆ ಗಂಟನ್ನು ಟೊಪ್ಪಿಯೊಳಗೆ ಇಟ್ಟುಕೊಂಡು ತಾರಿ ಹತ್ತಿದ.

ಜ್ವರ ಇಳಿದು ಅವರು ಮರಳಿದಾಗ ನಾಗು ಅಬ್ಬೆಯ ಹೆಗಲ ಮೇಲೆ ಬಾಡಿದ ಸೊಪ್ಪಿನಂತೆ ಬಿದ್ದಿದ್ದಳು. ಕೊರಳಲ್ಲಿ ಶಿಲುಬೆ ಇರಲಿಲ್ಲ. ಅಜ್ಜಿ ಅಂಗಿ ಎತ್ತಿ ನೋಡಿದ್ದನ್ನು ನಾನು ಕಂಡೆ. ಸಿಸ್ಟರ್ ಲೂಸಿ ಹಿಂದೆಯೇ ಬಂದು ಅಂಗಳದಲ್ಲಿ ನಿಂತರು. ಯಾರೂ ಕೂರಲು ಹೇಳಲಿಲ್ಲ.

“ಸುಮ್ಮನೆ ಏರಿಸಿದ್ದು ನನ್ನ ತಪ್ಪು,” ಎಂದರು. “ಕೂಸಿಗಾಗಿ ಅಲ್ಲದೆ ಇನ್ನು ಗೆರಸಿ ಏರುವುದಿಲ್ಲ.”

ಅಬ್ಬೆ ನಾಗುವನ್ನು ಚಾಪೆಯ ಮೇಲೆ ಮಲಗಿಸಿ ಹೊರಗೆ ಬಂದಳು. “ಅದು ಸತ್ತಿದ್ರೆ?”

“ನಾನು ಉತ್ತರ ಹೇಳಬೇಕಿತ್ತು.”

“ಯಾರಿಗೆ?”

ಸಿಸ್ಟರ್ ಲೂಸಿ ಸುಮ್ಮನಾದರು. ಹೀಗೆ ಸುಮ್ಮನಾದದ್ದಕ್ಕೇ ಅಬ್ಬೆ ಮುಂದಿನ ಮಾತಾಡಿದಳು ಎಂದು ನನ್ನ ಲೆಕ್ಕ. ದೇವರ ಹೆಸರು ಹೇಳಿದ್ದರೆ ಅವಳು ಒಳಗೆ ಹೋಗಿಬಿಡುತ್ತಿದ್ದಳು.

“ಕೂಸು ನಿಮ್ಮಲ್ಲಿಗೇ ಬತ್ತದೆ,” ಎಂದಳು. ಅಜ್ಜಿ ಒಳಗಿನಿಂದ ಏನೋ ಅಂದಳು, ಅಬ್ಬೆ ಕಿವಿಗೆ ಹಾಕಿಕೊಳ್ಳಲಿಲ್ಲ. “ಮಾದಿ ಅಮಾಸೆ ಹುಣ್ಣಿಮೆ ಬದಿಗೆ ಶಾಲೆಗೆ ಹೋಗ್ಲಿ. ಅಷ್ಟಮಿ ಬದಿಗೆ ನಂಗೆ ಬೇಕು. ಅದ್ಕಿಂತ ಹೆಚ್ಚು ನನ್ನ ಕೈಲಿ ಆಗೂದಿಲ್ಲ. ನೀವು ಗೆರಸಿ ಏರ್ಸ್ಬೇಡಿ, ನಾನು ಪಾಟಿ ಕಸಿಯೂದಿಲ್ಲ.”

“ಅರ್ಧ ಶಾಲೆಯಾ?”

“ಮತ್ತೆ? ನಿಮ್ಗೆ ಅರ್ಧ, ನಂಗೆ ಅರ್ಧ.”

ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಇಬ್ಬರೂ ಮಾತಿಗೆ ತಪ್ಪಲಿಲ್ಲ. ಸಿಸ್ಟರ್ ಲೂಸಿ ಹೋಗಿ ಮಾಸ್ತರರನ್ನು ಒಪ್ಪಿಸಿದರು. ಚಂದ್ರ ತುಂಬುವಾಗ ಮತ್ತು ಪೂರ್ತಿ ಸವೆಯುವಾಗ ನಾನು ಶಾಲೆಯಲ್ಲಿ, ಅರ್ಧ ಇರುವಾಗ ಹೊಳೆಯಲ್ಲಿ. ಮಾಸ್ತರರು ಯಾರಿಗೂ ಕಾಯುವವರಲ್ಲ. ನಾನು ಹೊಳೆಯಲ್ಲಿದ್ದಾಗ ಅವರು ಕಲಿಸಿದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಕೂಡಿಸುವುದು ಬರುತ್ತದೆ, ಕಳೆಯುವುದು ಹೊಳೆಗೆ ಹೋಯಿತು. ಒತ್ತಕ್ಷರ ಬಂದರೆ ಇವತ್ತಿಗೂ ಎಡವುತ್ತೇನೆ.

ಸಿಸ್ಟರ್‌ಗಳಿಗೆ ಒಂದೇ ಊರಿನಲ್ಲಿ ಇರಲು ಬಿಡುವುದಿಲ್ಲವಂತೆ. ಸಿಸ್ಟರ್ ಲೂಸಿಗೆ ಬೇರೆ ಕಡೆ ಹೋಗಲು ಹೇಳಿದರು. ಹೊರಡುವ ದಿನ ಗೆರಸಿ ಹಿಡಿದು ನಮ್ಮಲ್ಲಿಗೆ ಬಂದರು. ಆಗ ನಾಗು ನಡೆಯುತ್ತಿದ್ದಳು, ಇನ್ನು ಗೆರಸಿ ಬೇಕಿರಲಿಲ್ಲ. ಅಜ್ಜಿ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿ, ಬಿಸಿಲಿಗೆ ಹಾಳಾಯ್ತು ಎಂದಳು. ಆಮೇಲೆ ಜಗಲಿಯ ಮೇಲೆ ಮಣೆ ಹಾಕಿ ಗಂಜಿ ಬಡಿಸಿದಳು.

“ಉಣ್ಣು ಬಾಯಿ. ಉಪ್ಪು ನಮ್ಮದೇ. ಈಗ ಋಣ ನಿನ್ನ ಮೇಲೆ.”

ಸಿಸ್ಟರ್ ಲೂಸಿ ಉಂಡರು. ಉಂಡು ಕೈ ತೊಳೆದು, ಒಣಮೀನು ಕಟ್ಟಿ ತಂದಿದ್ದ ಪೇಪರಿನ ತುಂಡನ್ನು ನನ್ನ ಮುಂದೆ ಹಿಡಿದು ಓದಲು ಹೇಳಿದರು. ನಾನು ಬಂದದ್ದನ್ನು ಓದಿದೆ, ಬಾರದ್ದನ್ನು ಹಾರಿದೆ.

“ನಡುವೆ ಬಿಟ್ಟದ್ದು ಎಂತ?”

“ಅದು ಅಷ್ಟಮಿ ಬದಿಗೆ ಕಲ್ಸಿದ್ದು,” ಎಂದೆ.

ಅವರು ಅಬ್ಬೆಯ ಕಡೆ ನೋಡಿದರು. ಅಬ್ಬೆ ಅಂಗಳದಲ್ಲಿ ಬಳಚು ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. “ಅಷ್ಟಮಿ ಬದಿಗೆ ತಂದದ್ದನ್ನ ಉಂಡವಳೂ ಅವಳೇ,” ಎಂದಳು.

ಈಗ ಬಲೆಯ ಮಾಡಿನ ಜಾಗದಲ್ಲಿ ಸಿಮೆಂಟಿನ ಕಟ್ಟಡ ಇದೆ. ಸಿಸ್ಟರ್‌ಗಳ ಸಂಸ್ಥೆಯವರು ಹೊಲಿಗೆ ಕಲಿಸುತ್ತಾರೆ, ಹೆಂಗಸರ ಸಂಘ ನಡೆಸುತ್ತಾರೆ. ಯಾರ ಮನೆಯ ಕಂಬಕ್ಕೂ ಹಗ್ಗ ಇಲ್ಲ, ಹೆಚ್ಚಿನ ಮನೆಗಳಲ್ಲಿ ಕಂಬವೇ ಇಲ್ಲ. ಮೊನ್ನೆ ಅಲ್ಲಿಂದ ಒಂದು ಹುಡುಗಿ ಮೊಬೈಲ್ ಹಿಡಿದು ಬಂದಳು. ಅಜ್ಜಿ, ಸಂಸ್ಥೆಯಿಂದ ನಿಮಗೆ ಸಿಕ್ಕಿದ್ದು ಏನು ಎಂದು ಕೇಳಿದಳು. ಅರ್ಧ ಶಾಲೆ ಎಂದೆ. ಅವಳಿಗೆ ಅದು ಸಾಲದಾಯಿತು, ಮುಖ ಸಣ್ಣ ಮಾಡಿದಳು. ಉಳಿದದ್ದು ನನ್ನ ತಂಗಿಗೆ ಸಿಕ್ಕಿದೆ, ಅವಳನ್ನು ಕೇಳು ಎಂದೆ. ನಾಗು ಆ ಮಾಡಿನಿಂದ ನೇರ ಶಾಲೆಗೆ ಹೋದವಳು, ಅಮಾಸೆ ಅಷ್ಟಮಿ ನೋಡದೆ ಓದಿದವಳು. ಕುಮಟಾದ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ಈಗ ಪಿಂಚಣಿ ತಿನ್ನುತ್ತಾಳೆ.

ಇದನ್ನು ನಾನೇ ಬರೆಯುತ್ತಿದ್ದೇನೆ, ಒತ್ತಕ್ಷರ ಬರುವಲ್ಲಿ ಜಾಗ ಬಿಟ್ಟು. ಭಾನುವಾರ ನಾಗು ಬಂದು ಕನ್ನಡಕ ಏರಿಸಿ, ಇದೆಂತ ಅಕ್ಕ, ಹಲ್ಲು ಬಿದ್ದ ಬಾಯಿ ಇದ್ದ ಹಾಗೆ ಅದೆ ಎಂದು ಗೊಣಗುತ್ತ ಬಿಟ್ಟ ಜಾಗಗಳನ್ನು ತುಂಬುತ್ತಾಳೆ. ಕಾಫಿ ಕೇಳುತ್ತಾಳೆ, ಕೈ ನೋಯುತ್ತದೆ ಎನ್ನುತ್ತಾಳೆ. ತುಂಬಲಿ. ಅವಳನ್ನು ನಾನು ಕಡಿಮೆ ಹೊತ್ತಿಲ್ಲ.